ತಗಡಿನ ಪಾಠ

ಒಂಬತ್ತಕ್ಕೆ ಕರೆಂಟು ಹೋಯಿತು, ಹೇಳಿ ಹೋದ ಹಾಗೆ.
ಬಾಯಿ ಒಡೆದ ಬೀಕರಿನಲ್ಲಿ ಮೇಣದಬತ್ತಿ ನಿಲ್ಲಿಸಿ
ಹತ್ತನೇ ತರಗತಿಯ ಪಾಠಯೋಜನೆ ಬಿಡಿಸಿಕೊಂಡೆ.
ಅಧ್ಯಾಯ ನಾಲ್ಕು: ಲೋಹಗಳ ಕ್ರಿಯಾಶೀಲತೆ.
ಹನ್ನೊಂದು ವರ್ಷ ಹೀಗೇ ಶುರುಮಾಡಿದ್ದೇನೆ,
ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ,
ಮಕ್ಕಳು ಮಗ್ಗಿಯಂತೆ ಒಪ್ಪಿಸಿದ್ದಾರೆ,
ಪರೀಕ್ಷೆಯ ಮರುದಿನ ಬಸ್ಸಿನ ಟಿಕೇಟಿನಂತೆ ಎಸೆದಿದ್ದಾರೆ.

ಈ ಸಲ ಅಡ್ಡಗೀಟು ಎಳೆದೆ. ಮೇಲೆ ಬರೆದೆ:
ನಮ್ಮ ಮಾಡಿನ ತಗಡು ಯಾಕೆ ಇಷ್ಟು ಬೇಗ ತೂತಾಗುತ್ತದೆ?

ವಿದ್ಯಮಾನ ಅಂದರೆ ದೊಡ್ಡ ಮಾತೇನಲ್ಲ.
ಇದೆ. ಕಣ್ಣೆದುರಿಗೇ ಇದೆ. ಇದ್ದೂ ಇದ್ದೂ ಕಾಣದಾಗಿದೆ.
ತೂತಿನಿಂದಿಳಿದು ನೆಲದಲ್ಲಿ ಕೂತ ಬಿಸಿಲಿನ ಬಿಲ್ಲೆ,
ಅದನ್ನು ಹೆಕ್ಕಲು ಅಂಬೆಗಾಲಿಡುವ ಕೂಸು,
ಸಾಕು, ಒಂದು ತಿಂಗಳ ರಸಾಯನಶಾಸ್ತ್ರಕ್ಕೆ.

ಆದರೆ ಎಲ್ಲ ಅಚ್ಚರಿಯೂ ಪಾಠಕ್ಕೆ ಒದಗುವುದಿಲ್ಲ.
ಸೋಡಿಯಂ ಚೂರನ್ನು ನೀರಿಗೆಸೆದು ಢಂ ಎನಿಸಿದರೆ
ಚಪ್ಪಾಳೆ ಬರುತ್ತದೆ, ಪ್ರಶ್ನೆ ಬರುವುದಿಲ್ಲ.
ಒಂದೇ ಪದಕ್ಕೆ ಮುಗಿಯುವುದೂ ಬೇಡ:
'ತುಕ್ಕು!' ಎಂದು ಲುಬುಟೋ ಕೂಗಿ ಕೂತುಬಿಟ್ಟರೆ
ಉಳಿದ ಮೂವತ್ತೊಂಬತ್ತು ನಿಮಿಷ ನಾನೇನು ಮಾಡಲಿ?
ಅದಕ್ಕೇ ಎರಡು ತಗಡು ಹೊಂಚಿದೆ.
ಒಂದು ಮುಫುಲಿರಾದ್ದು, ಚಿಮಣಿ ಕಾಣುವ ನಮ್ಮ ಬೀದಿಯದು,
ಬೆರಳಲ್ಲಿ ಬಿಸ್ಕತ್ತಿನಂತೆ ಪುಡಿಯಾಗುವುದು.
ಇನ್ನೊಂದು ಸರೋವರದ ದಡದ ಚಿಕ್ಕಮ್ಮನ ಕೋಳಿಗೂಡಿನದು,
ನನಗಿಂತ ಹಿರಿದು, ಇನ್ನೂ ಗಟ್ಟಿ.
(ಬಸ್ಸಿನವನು ಅದಕ್ಕೂ ಅರ್ಧ ಟಿಕೇಟು ಹರಿದ.)

ಮೊದಲ ದಿನ ನಾನು ಬಾಯಿಬಿಡಲಿಲ್ಲ.
ಕಷ್ಟ. ಕೈಯಲ್ಲಿ ಸೀಮೆಸುಣ್ಣವಿದ್ದರೆ ನಾಲಿಗೆ ತುರಿಸುತ್ತದೆ.
ತಗಡುಗಳು ಬೆಂಚಿನಿಂದ ಬೆಂಚಿಗೆ ಹೋದವು.
ಮೂಸಿದರು, ಕೆರೆದರು, ಕಪೆಂಬ್ವಾ ನೆಕ್ಕಿಯೂ ನೋಡಿ ಬೈಸಿಕೊಂಡ.
ಹಳೆ ಕ್ಯಾಲೆಂಡರಿನ ಬೆನ್ನಿಗೆ ಬರೆದು ಗೋಡೆಗೆ ಅಂಟಿಸಿದರು:
ಮಾವಿನ ಮರಕ್ಕೆ ಏನೂ ಆಗದೆ ಕುಂಬಳದ ಎಲೆ ಯಾಕೆ ಸುಡುತ್ತದೆ?
ಸೆಂಟಾ ಬಂದಾಗ ಗಂಟಲು ಯಾಕೆ ಉರಿಯುತ್ತದೆ?
ಸೆಂಟಾ ಎಂದರೆ ಇಲ್ಲಿಯವರ ಬಾಯಲ್ಲಿ ಚಿಮಣಿಯ ಹೊಗೆ,
ಪುಸ್ತಕದಲ್ಲಿ ಗಂಧಕದ ಡೈಆಕ್ಸೈಡ್.
ಇಬ್ಬರೂ ಒಬ್ಬರೇ ಎನ್ನಬೇಕು, ಈಗಲ್ಲ,
ಮೂರನೇ ವಾರ, ಎಂದು ಅಂಚಿನಲ್ಲಿ ಗುರುತುಹಾಕಿಕೊಂಡೆ.

ಎರಡನೇ ವಾರ ಮೈಲುತುತ್ತದ ನೀಲಿ ನೀರು, ಒಂದು ಮೊಳೆ.
ಮೊಳೆ ಕೆಂಪಾಯಿತು. 'ತಾಮ್ರ!' ಇಡೀ ತರಗತಿ ಕೂಗಿತು,
ಅಪ್ಪಂದಿರು ನೆಲದಡಿಯಿಂದ ಎತ್ತುವುದು ಅದನ್ನೇ ತಾನೆ.
'ಹಾಗಾದರೆ ಕಬ್ಬಿಣ ಎಲ್ಲಿ ಹೋಯಿತು?'
ಕೇಳಿದ್ದು ನಾನಲ್ಲ. ಕೊನೆಯ ಬೆಂಚಿನ ಮುಸೊಂಡಾ,
ಹಾಜರಿಗೂ ತುಟಿ ಬಿಚ್ಚದೆ ಕೈ ಎತ್ತುವವಳು.
ಹನ್ನೊಂದು ವರ್ಷ ಉತ್ತರವನ್ನು ಮೊದಲೇ ಬಡಿಸಿ
ಇಂಥ ಎಷ್ಟು ಹಸಿವೆ ಕೊಂದೆನೋ.

ಮೂರನೇ ವಾರ ಎಲ್ಲ ಬರೆದಂತೆಯೇ ನಡೆಯಿತು.
ಹೊಗೆ, ಮಳೆ, ಆಮ್ಲ, ಕೆಂಪಾದ ಲಿಟ್ಮಸ್.
ಮೇಲೆ ಬಳಿದ ಸತು ಮೊದಲು ಕರಗುತ್ತದೆ, ಆಮೇಲೆ ಕಬ್ಬಿಣ.
ಸಮೀಕರಣವನ್ನು ಅವರೇ ಸರಿದೂಗಿಸಿದರು.
ಆಗ ಮುಸೊಂಡಾ:
'ಟೀಚರ್, ತಗಡಿಗೆ ಸತು ಬಳಿದಿದ್ದಾರೆ.
ನಮ್ಮಮ್ಮನ ಎದೆಗೆ ಏನು ಬಳಿದಿದೆ?'

'ನಿರೀಕ್ಷಿತ ಉತ್ತರ' ಎಂಬ ಕಾಲಂ ಖಾಲಿ.
ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ.
ಲುಬುಟೋನ ಅಪ್ಪನಿಗೆ ಆ ಚಿಮಣಿಯ ಬುಡದಲ್ಲೇ ಕೆಲಸ,
ಅವನು ಕಿಟಕಿಯಾಚೆ ನೋಡಿದ.
ಗಂಟೆ ಬಡಿಯಿತು, ಯಾರೂ ಏಳಲಿಲ್ಲ.
ಒಳ್ಳೆಯ ಪಾಠದ ಲಕ್ಷಣ ಅದು ಎಂದು ತರಬೇತಿಯಲ್ಲಿ ಹೇಳಿದ್ದರು.
ನನಗೆ ಹಾಗನ್ನಿಸಲಿಲ್ಲ.

ಈ ರಾತ್ರಿಯೂ ಕರೆಂಟಿಲ್ಲ. ನಾಲ್ಕನೇ ವಾರಕ್ಕೆ ಕೂತಿದ್ದೇನೆ.
ಕ್ಲಿನಿಕ್ಕಿನ ನರ್ಸ್ ಬರುತ್ತೇನೆ ಎಂದಿದ್ದಾಳೆ,
ಹೆಡ್‌ಮಾಸ್ಟರು ಇನ್ನೂ ಹೂಂ ಎಂದಿಲ್ಲ.
ಮಳೆನೀರು ಹಿಡಿಯಲು ಒಂಬತ್ತು ಡಬ್ಬಿ, ಒಂಬತ್ತು ಮನೆ.
ತನ್ನ ಮನೆಯಲ್ಲೂ ಇಡುತ್ತಾನಂತೆ ಲುಬುಟೋ, ಅಪ್ಪನಿಗೆ ಹೇಳದೆ.
ಹೇಳಿಯೇ ಇಡು, ಎಂದೆ.

ಆ ಕೆಂಪು ಮೊಳೆಯನ್ನು ಮುಸೊಂಡಾ ಒಯ್ದಿದ್ದಾಳೆ.
ದಾಸ್ತಾನು ಪುಸ್ತಕದಲ್ಲಿ ಬರೆಯಬೇಕು:
ಮೊಳೆ, ಒಂದು ಕಡಿಮೆ.